ಕಿಟಕಿ ದೊಡ್ಡದಾಯಿತು, ಸೂರು ಎಲ್ಲಿ ಹೋಯಿತು?

ಕಾರವಾರದಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಸಮುದ್ರ ಕಾಣ್ತದಾ?" ಕಾಣುವುದು ಪಶ್ಚಿಮಕ್ಕೆ. ಮಧ್ಯಾಹ್ನದ ನಂತರ ತಂಪು ಗಾಳಿ ಬೀಸುವುದೂ ಪಶ್ಚಿಮದಿಂದ. ನಾಲ್ಕು ಗಂಟೆಯ ಮೇಲೆ ಗೋಡೆ ಸುಡುವ ಬಿಸಿಲು ಬೀಳುವುದೂ ಅದೇ ಕಡೆಯಿಂದ. ಜೂನ್‌ನಲ್ಲಿ ಗಾಳಿ ಸಮೇತ ಮಳೆ ಹೊಡೆಯುವುದು, ವರ್ಷವಿಡೀ ಉಪ್ಪಿನ ತೇವ ಬರುವುದು, ಎಲ್ಲಾ ಆ ಕಡೆಯಿಂದಲೇ. ಮನೆಗೆ ಬೇಕಾದದ್ದೂ ಬೇಡವಾದದ್ದೂ ಒಂದೇ ಬಾಗಿಲಿಗೆ ಬಂದು ನಿಲ್ಲುವ ಊರು ಇದು.

ಈಚೆಗೆ ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರದ ಕಡೆ ಏಳುತ್ತಿರುವ ಹೊಸ ಮನೆಗಳನ್ನು ಗಮನಿಸಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಇದೇ ಗಾಳಿ ಬೀಸಿದೆ. ನೆಲದಿಂದ ಛಾವಣಿವರೆಗೆ ಗಾಜು. ಮೇಲೆ ಚಪ್ಪಟೆ ಸ್ಲ್ಯಾಬ್. ಮಧ್ಯೆ ಆಕಾಶಕ್ಕೆ ತೆರೆದ ಪುಟ್ಟ ಅಂಗಳ, ಅದರಲ್ಲಿ ಒಂದು ದೇವಕಣಗಿಲೆ ಗಿಡ. ಮೆಟ್ಟಿಲ ಮೇಲೆ ಗಾಜಿನ ಬೆಳಕಿಂಡಿ. ಎದುರಿಗೆ ಹುಲ್ಲುಹಾಸು. ಇದಕ್ಕೆಲ್ಲ ಸೇರಿ "ಪ್ರಕೃತಿ ಜೊತೆ ಬೆರೆತ ಮನೆ" ಎಂದು ಹೆಸರು. ಮೊಬೈಲಿನಲ್ಲಿ ನೋಡಿದ ಚಿತ್ರವನ್ನೇ ಎಂಜಿನಿಯರ್ ಮುಂದಿಟ್ಟು, "ಹೀಗೇ ಬೇಕು" ಎನ್ನುವವರು ಜಾಸ್ತಿ.

ಆ ಆಸೆಯನ್ನು ತಮಾಷೆ ಮಾಡಲು ನಾನು ಹೊರಟಿಲ್ಲ. ಸಿಮೆಂಟು ಬಂದ ಮೇಲೆ ಈ ಜಿಲ್ಲೆಯಲ್ಲಿ ಕಟ್ಟಿದ ಎಷ್ಟೋ ಆರ್‌ಸಿಸಿ ಮನೆಗಳು ಗ್ರಿಲ್ ಹಾಕಿದ ಪೆಟ್ಟಿಗೆಗಳಂತೆ ಇವೆ. ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಜುಲೈನಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಇದರಿಂದ ಹೊರಬರಬೇಕು ಎನ್ನುವುದು ಸರಿಯೇ. ನನ್ನ ತಕರಾರು ದುಡ್ಡು ಎಲ್ಲಿ ಹೋಗುತ್ತಿದೆ ಎನ್ನುವುದರ ಬಗ್ಗೆ. ಹೊಸ ಮನೆಗಳು ಗಾಜಿಗೆ ಲಕ್ಷಗಟ್ಟಲೆ ಸುರಿಯುತ್ತವೆ, ಸೂರಿಗೆ, ಅಂದರೆ ಗೋಡೆಯಾಚೆ ಚಾಚುವ ಮಾಡಿನ ಅಂಚಿಗೆ, ಕೈ ಬಿಗಿಹಿಡಿಯುತ್ತವೆ. ಉತ್ತರ ಕನ್ನಡದಲ್ಲಿ ಮನೆ ಹೊರಗಿನ ಜೊತೆ ಎಷ್ಟು ಬೆರೆಯುತ್ತದೆ ಎಂದು ತೀರ್ಮಾನ ಆಗುವುದು ಮಾಡಿನಲ್ಲಿ. ಕಿಟಕಿಯ ಮಾತು ಆಮೇಲೆ.

ಮಳೆಯ ಲೆಕ್ಕ

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,000 ಮಿಲಿಮೀಟರ್ ಆಸುಪಾಸು. ನಮ್ಮ ಕರಾವಳಿಯಲ್ಲಿ ಅದು 3,000 ಮುಟ್ಟುತ್ತದೆ, ಎಷ್ಟೋ ವರ್ಷ ದಾಟುತ್ತದೆ. ಶಿರಸಿಯಲ್ಲೂ 2,000ಕ್ಕೆ ಕಡಿಮೆ ಇಲ್ಲ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬೆಂಗಳೂರಿನ ಚಿತ್ರ ನೋಡಿ ಇಲ್ಲಿ ಕಟ್ಟುವುದರ ಮೂಲ ತೊಂದರೆ ಇದು.

ಒಳ ಅಂಗಳವನ್ನೇ ತೆಗೆದುಕೊಳ್ಳಿ. 10 ಅಡಿಗೆ 10 ಅಡಿಯ ತೆರೆದ ಜಾಗ ಎಂದರೆ ಸುಮಾರು 9.3 ಚದರ ಮೀಟರ್. 3,000 ಮಿಲಿಮೀಟರ್ ಮಳೆಯಲ್ಲಿ ಅಷ್ಟೇ ಜಾಗಕ್ಕೆ ನೇರವಾಗಿ ಬೀಳುವ ನೀರು ವರ್ಷಕ್ಕೆ ಹತ್ತಿರ ಹತ್ತಿರ 28,000 ಲೀಟರ್. ಇದೇನೂ ಹೆಚ್ಚಲ್ಲ. ಆದರೆ ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದಿದ್ದರೆ ಲೆಕ್ಕವೇ ಬೇರೆ. ಒಳಕ್ಕೆ ನೀರು ಸುರಿಸುವ ಮಾಡು 700 ಚದರ ಅಡಿ ಇದೆ ಎಂದಿಟ್ಟುಕೊಳ್ಳಿ. ಹವಾಮಾನ ಇಲಾಖೆ ದಿನಕ್ಕೆ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರೀ ಎಂದು ಕರೆಯುತ್ತದೆ. ಅಂಥ ದಿನಗಳು ಈ ಕರಾವಳಿಗೆ ಹೊಸತಲ್ಲ. ಅಂಥ ಒಂದೇ ದಿನ, ನೇರವಾಗಿ ಬೀಳುವ ಮಳೆಯೂ ಸೇರಿ, ಆ ಅಂಗಳಕ್ಕೆ ಸುಮಾರು 15,000 ಲೀಟರ್ ನೀರು ಬಂದು ಬೀಳುತ್ತದೆ. 5,000 ಲೀಟರಿನ ಮೂರು ಟ್ಯಾಂಕರನ್ನು ಹಾಲ್‌ನ ಮಧ್ಯೆ ಖಾಲಿ ಮಾಡಿದ ಹಾಗೆ. ಅದು ಹೊರಗೆ ಹೋಗಲು ಒಂದೇ ಪೈಪು, ಅದರ ಬಾಯಿಗೆ ದೇವಕಣಗಿಲೆಯ ಎರಡು ಎಲೆ ಅಂಟಿದರೆ? ಹಾಗಾಗಿ ಒಳ ಅಂಗಳ ಮಾಡುವವರು ಎರಡು ಬೇರೆ ಬೇರೆ ದಾರಿಯಲ್ಲಿ ನೀರು ಹೋಗುವಂತೆ ಮಾಡಬೇಕು. ಅಂಗಳದ ಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ ಒಂದಡಿಯಾದರೂ ಕೆಳಗಿರಬೇಕು. ಚಿತ್ರದಲ್ಲಿ ನೆಲವೆಲ್ಲ ಒಂದೇ ಮಟ್ಟ ಇದ್ದರೆ ಚೆಂದ, ನಿಜ. ಅಂಥ ಚಿತ್ರ ತೆಗೆದದ್ದು ಜನವರಿಯಲ್ಲಿ.

ಅಂಗಳಕ್ಕೆ ಬೀಳುವ ಮಳೆ ಅಂಗಳದಲ್ಲೇ ನಿಲ್ಲುವುದಿಲ್ಲ ಎನ್ನುವುದು ಇನ್ನೊಂದು ಸಂಗತಿ. ಎರಚಲು ಒಳಕ್ಕೆ ಬರುತ್ತದೆ. ಸುತ್ತ ಐದಾರು ಅಡಿ ಅಗಲದ ಜಗಲಿ ಇಲ್ಲದಿದ್ದರೆ ಸೋಫಾ ಒದ್ದೆ. ಕೊಲಂಬೋದಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ 1960ರ ದಶಕದ ಆರಂಭದಲ್ಲಿ ಕಟ್ಟಿದ ಎನಾ ಡಿ ಸಿಲ್ವಾ ಅವರ ಮನೆಯನ್ನು ಒಳ ಅಂಗಳದ ಮನೆಗಳಿಗೆ ಮಾದರಿ ಎಂದು ಎಲ್ಲರೂ ತೋರಿಸುತ್ತಾರೆ. ಶ್ರೀಲಂಕಾವೂ ನಮ್ಮ ಹಾಗೇ ಮಳೆಯ ನಾಡು. ಆ ಮನೆಯ ಫೋಟೋದಲ್ಲಿ ಕಣ್ಣು ಹೋಗುವುದು ಅಂಗಳದ ಮರಕ್ಕೆ. ಕೆಲಸ ಮಾಡುತ್ತಿರುವುದು ಅದರ ಸುತ್ತ ಇರುವ ಅಗಲವಾದ ಜಗಲಿ ಮತ್ತು ತಗ್ಗಿ ಬಂದಿರುವ ಹಂಚಿನ ಮಾಡು. ನಾವು ಮರವನ್ನು ನಕಲು ಮಾಡಿದೆವು, ಜಗಲಿಯನ್ನು ಬಿಟ್ಟೆವು.

ಇನ್ನು ಹೊರಗೋಡೆಯ ಕಿಟಕಿ. ಗಾಳಿ ಜೊತೆ ಬರುವ ಮಳೆ 45 ಡಿಗ್ರಿ ಓರೆಯಾಗಿ ಹೊಡೆಯುತ್ತದೆ ಎಂದುಕೊಳ್ಳೋಣ. ಕಿಟಕಿಯ ನೆತ್ತಿಯಿಂದ ಎರಡಡಿ ಚಾಚಿದ ಚಜ್ಜಾ ಕಿಟಕಿಯ ಮೇಲಿನ ಎರಡಡಿಯನ್ನು ಮಾತ್ರ ಕಾಯುತ್ತದೆ. ಕಿಟಕಿ ನಾಲ್ಕಡಿ ಎತ್ತರ ಇದ್ದರೆ ಕೆಳಗಿನ ಅರ್ಧ ತೋಯುತ್ತದೆ. ಏಳಡಿ ಎತ್ತರದ ಗಾಜಿನ ಬಾಗಿಲಿಗೆ ಏಳಡಿ ಚಾಚಿದ ಮಾಡು ಬೇಕು. ಏಳಡಿ ಅಂದರೆ ಅದು ಚಜ್ಜಾ ಅಲ್ಲ, ಜಗಲಿ. ಹಳಬರು ಜಗಲಿಯನ್ನು ಅಷ್ಟು ಅಗಲ ಇಟ್ಟದ್ದು ಸುಮ್ನೆ ಅಲ್ಲ.

ಚಜ್ಜಾ ಇಲ್ಲದ, ಗೋಡೆಗೆ ಸಮನಾಗಿ ಗಾಜು ಕೂರಿಸಿದ ಮನೆಗಳಲ್ಲಿ ಏನಾಗುತ್ತದೆ? ಮಳೆ ಬಂದ ಕೂಡಲೇ ಎಲ್ಲ ಮುಚ್ಚಬೇಕು. ಮುಚ್ಚಿದರೆ ಗಾಳಿ ಇಲ್ಲ. ಮಳೆಗಾಲದಲ್ಲಿ ತೇವಾಂಶ ಶೇಕಡಾ 90ರ ಹತ್ತಿರ ಇರುವಾಗ ಗಾಳಿ ಆಡದ ಕೋಣೆಯಲ್ಲಿ ಬೂಷ್ಟು ಹಿಡಿಯದೇ ಇರುತ್ತದಾ? ಹೊರಗಿನ ಜೊತೆ ಬೆರೆಯಲೆಂದು ಕಟ್ಟಿದ ಮನೆ ವರ್ಷಕ್ಕೆ ನಾಲ್ಕು ತಿಂಗಳು ಬಾಗಿಲು ಹಾಕಿ, ಎಸಿ ಹಾಕಿ ಕೂರುತ್ತದೆ.

ಬಾಂಬೆಯವರು ಇದೇ ಗಂಟನ್ನು ಬಿಡಿಸಿದ್ದರು

ಕಾರವಾರದ ಈ ಇಕ್ಕಟ್ಟು ಅರಬ್ಬಿ ಸಮುದ್ರದ ಇಡೀ ದಂಡೆಗೆ ಸಾಮಾನ್ಯ. ಮುಂಬೈನ ಕಾಂಚನಜುಂಗಾ ಅಪಾರ್ಟ್‌ಮೆಂಟ್ ಕಟ್ಟಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದನ್ನು ಸ್ಪಷ್ಟವಾಗಿ ಹೇಳಿದ್ದರು. ಮುಂಬೈನಲ್ಲಿ ಒಳ್ಳೆಯ ನೋಟ ಮತ್ತು ಸಮುದ್ರದ ಗಾಳಿ ಬೇಕೆಂದರೆ ಮನೆ ಪೂರ್ವ ಪಶ್ಚಿಮಕ್ಕೆ ತೆರೆಯಬೇಕು. ಸುಡುವ ಬಿಸಿಲೂ ಜಡಿಮಳೆಯೂ ಬರುವುದು ಆ ದಿಕ್ಕುಗಳಿಂದಲೇ. ಹಳೆಯ ಬಂಗಲೆಗಳು ವಾಸದ ಕೋಣೆಗಳ ಸುತ್ತ ವರಾಂಡಾ ಸುತ್ತಿ ಇದಕ್ಕೆ ಉತ್ತರ ಕಂಡುಕೊಂಡಿದ್ದವು. 1983ರಲ್ಲಿ ಮುಗಿದ ಆ ಎತ್ತರದ ಕಟ್ಟಡದಲ್ಲಿ ಕೊರಿಯಾ ಮಾಡಿದ್ದೂ ಅದನ್ನೇ. ಪ್ರತಿ ಮನೆಗೂ ಮೂಲೆಯಲ್ಲಿ ಎರಡು ಮಹಡಿ ಎತ್ತರದ ತೆರೆದ ಕೈತೋಟ ಕೊರೆದರು. ಕೋಣೆ ಅದರ ಹಿಂದೆ ಸರಿದು ಕೂತಿತು. ಬಿಸಿಲು, ಮಳೆ ಮೊದಲು ಅಲ್ಲಿ ಬೀಳುತ್ತವೆ, ಅದರ ಹಿಂದೆ ಜನ ಇರುತ್ತಾರೆ.

ಕೋಣೆಗೂ ಬಯಲಿಗೂ ನಡುವಿನ ಈ ಜಾಗಕ್ಕೆ ನಮ್ಮಲ್ಲಿ ಹೆಸರು ಮೊದಲಿಂದ ಇದೆ. ಜಗಲಿ, ಹೊರಗಿನ ಕಟ್ಟೆ, ಹಿತ್ತಿಲ ಕಡೆಯ ಮಾಡಿನ ಇಳಿಜಾರು. ಇದನ್ನು ಹೊಸದಾಗಿ ಕಟ್ಟುವುದು ಹಳೆ ಕಾಲಕ್ಕೆ ಮರಳುವುದಲ್ಲ. ಅಲಿಬಾಗ್ ಹತ್ತಿರದ ನಾಂದಗಾಂವ್‌ನಲ್ಲಿ ವಾಸ್ತುಶಿಲ್ಪಿ ಬಿಜೋಯ್ ಜೈನ್ ಅವರ ಸ್ಟುಡಿಯೋ ಮುಂಬೈ ಸಂಸ್ಥೆ 2007ರಲ್ಲಿ ಮುಗಿಸಿದ ಪಾಮೈರಾ ಹೌಸ್ ತೆಂಗಿನ ತೋಟದ ಮಧ್ಯೆ ಇದೆ. ಅಲ್ಲಿ ಗೋಡೆಯ ಬಹುಭಾಗ ತಾಳೆಮರದ ಅಡ್ಡಪಟ್ಟಿಗಳ ಲೂವರ್. ಬೆಳಕು ಸೋಸಿ ಬರುತ್ತದೆ, ಗಾಳಿ ಆಡುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಗೆ ಕಟ್ಟುತ್ತಿದ್ದ ತೆಂಗಿನ ಗರಿಯ ತಟ್ಟಿ ಮಾಡುತ್ತಿದ್ದ ಕೆಲಸವೂ ಇದೇ. ವ್ಯತ್ಯಾಸ ಏನೆಂದರೆ ತಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು, ಲೂವರ್‌ಗೆ ಎಣ್ಣೆ ಬಳಿದು ನೋಡಿಕೊಳ್ಳಬೇಕು. ಎರಡಕ್ಕೂ ಕೈಕೆಲಸ ತಪ್ಪಿದ್ದಲ್ಲ.

ಪಶ್ಚಿಮದ ಬಿಸಿಲಿಗೂ ಇದೇ ಮದ್ದು. ಏಪ್ರಿಲ್ ಮಧ್ಯದಲ್ಲಿ ಸಂಜೆ ಐದು ಗಂಟೆಗೆ ಕಾರವಾರದಲ್ಲಿ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿರುತ್ತಾನೆ. ನಾಲ್ಕಡಿ ಕಿಟಕಿಗೆ ಆ ಬಿಸಿಲು ತಡೆಯಬೇಕೆಂದರೆ ಎಂಟೂವರೆ ಅಡಿ ಚಜ್ಜಾ ಬೇಕು. ಆಗದ ಮಾತು. ತಗ್ಗಿದ ಸೂರ್ಯನಿಗೆ ನಿಲುವಾದ ತಡೆಯೇ ಬೇಕು. ಲೂವರ್, ಬಿದಿರಿನ ಚಾಪೆ, ತಟ್ಟಿ, ಅಥವಾ ಹತ್ತು ಹದಿನೈದು ಅಡಿ ದೂರದಲ್ಲಿ ಒಂದು ಸಾಲು ಗಿಡ. ಕನ್ನಡಕದಂಥ ಕಪ್ಪು ಗಾಜು ಹಾಕಿಸುವವರಿದ್ದಾರೆ. ಗಾಜು ಕಪ್ಪಾದರೆ ಸಮುದ್ರವೂ ಕಪ್ಪು, ಆಮೇಲೆ ನೋಟಕ್ಕೆ ದುಡ್ಡು ಕೊಟ್ಟು ಏನು ಬಂತು?

ಬೆಳಕು ಎಲ್ಲಿಂದ?

ಅಗಲ ಜಗಲಿ ಹಾಕಿದರೆ ಒಳಗೆ ಕತ್ತಲೆ ಅಲ್ವಾ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಳೆ ಮನೆಗಳ ಬಗ್ಗೆ ಹೊಗಳಿ ಬರೆಯುವವರು ಇದನ್ನು ಜಾರಿಸುತ್ತಾರೆ. ಶಿರಸಿ ಸೀಮೆಯ ಹಂಚಿನ ಮನೆಗಳಲ್ಲಿ ಜಗಲಿ ಬೆಳಗುತ್ತಿತ್ತು. ನಡುಮನೆ, ದೇವರ ಒಳ, ಅಡುಗೆಮನೆ ಕತ್ತಲೆಯೇ. ಬೆಳಕಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದವರು ಗಂಡಸರು, ಬಂದ ನೆಂಟರು. ಹೊಗೆ ತುಂಬಿದ ಒಳಗಡೆ ದುಡಿಯುತ್ತಿದ್ದವರು ಹೆಂಗಸರು. ಈಗಿನ ಮನೆ ಅಡುಗೆಮನೆಗೆ ದೊಡ್ಡ ಕಿಟಕಿ ಇಟ್ಟು ಹಿತ್ತಿಲಿಗೆ ತೆರೆದರೆ, ಅದು ನಾನು ಕಂಡಂತೆ ಹೊಸ ವಾಸ್ತುಶಿಲ್ಪದ ದೊಡ್ಡ ಲಾಭ. ಸಮುದ್ರದ ನೋಟಕ್ಕಿಂತ ದೊಡ್ಡದು.

ಹಾಗಾದರೆ ಜಗಲಿಯೂ ಇರಬೇಕು, ಒಳಗೆ ಬೆಳಕೂ ಬೇಕು. ಆ ಬೆಳಕು ಬರುವುದು ಮೇಲಿನಿಂದ. ಮೋಡ ಕವಿದ ಆಕಾಶದಲ್ಲಿ ನೆತ್ತಿಯ ಭಾಗ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶಮಾನ. ನಾಲ್ಕು ತಿಂಗಳು ಮೋಡ ಕಟ್ಟಿರುವ ನಮ್ಮ ಊರಿಗೆ ಇದು ಮುಖ್ಯ. ಎದೆಮಟ್ಟದ ಅಗಲ ಕಿಟಕಿಗಿಂತ ಛಾವಣಿ ಹತ್ತಿರದ ಸಣ್ಣ ಕಿಟಕಿ ಮಳೆಗಾಲದಲ್ಲಿ ಜಾಸ್ತಿ ಬೆಳಕು ಕೊಡಬಲ್ಲದು. ಕಿಟಕಿಯ ನೆತ್ತಿ ಎಷ್ಟು ಎತ್ತರವೋ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಒಳಗೆ ಉಪಯುಕ್ತ ಬೆಳಕು ಹೋಗುತ್ತದೆ ಎಂಬುದು ಕಟ್ಟುವವರು ಇಟ್ಟುಕೊಳ್ಳುವ ಅಂದಾಜು. ಏಳಡಿಯ ನೆತ್ತಿಯನ್ನು ಒಂಬತ್ತಕ್ಕೆ ಏರಿಸಿದರೆ ಕೋಣೆಯ ಹಿಂದಿನ ಗೋಡೆ ಕಾಣತೊಡಗುತ್ತದೆ.

ನಮ್ಮಲ್ಲಿ ಇದಕ್ಕೆ ಹಳೆಯ ಸುಲಭ ದಾರಿ ಗಾಜಿನ ಹಂಚು. ಅಡುಗೆಮನೆಯ ಮಾಡಿನಲ್ಲಿ ಎರಡೋ ಮೂರೋ ಹಂಚು ಗಾಜಿನದು. ಈಗ ಅದರ ಜಾಗಕ್ಕೆ ದೊಡ್ಡ ಗಾಜಿನ ಬೆಳಕಿಂಡಿ ಬಂದಿದೆ. ಇಲ್ಲೊಂದು ಎಚ್ಚರ ಬೇಕು. ಕಾರವಾರ ಇರುವುದು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ವರ್ಷದ ಅತ್ಯಂತ ಸೆಕೆಯ ದಿನಗಳೂ ಅವೇ. ಚಪ್ಪಟೆ ಬೆಳಕಿಂಡಿಯಿಂದ ಆಗ ಒಳಗೆ ಇಳಿಯುವುದು ಬೆಂಕಿ. ಎರಡು ಮಾಡುಗಳ ನಡುವೆ ಎರಡಡಿ ಎತ್ತರದ ವ್ಯತ್ಯಾಸ ಬಿಟ್ಟು, ಆ ಸಂದಿಯಲ್ಲಿ ಉತ್ತರಕ್ಕೆ ನಿಲುವಾದ ಕಿಟಕಿ ಸಾಲು ಇಡುವುದು ಒಳ್ಳೆಯದು. ಮೇ ತಿಂಗಳಿಂದ ಆಗಸ್ಟ್ ಮೊದಲ ವಾರಗಳವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆದರೆ ತುಂಬಾ ಎತ್ತರದಲ್ಲಿ ಇರುವುದರಿಂದ ಆ ಹೊತ್ತಿನ ಬಿಸಿಲಿಗೆ ಒಂದಡಿ ಸೂರು ಸಾಕು. ಅದೇ ಸಂದಿಯಿಂದ ಬಿಸಿ ಗಾಳಿಯೂ ಹೊರಗೆ ಹೋಗುತ್ತದೆ, ಕಿಟಕಿ ತೆರೆಯುವಂತೆ ಇದ್ದರೆ.

"ತೆರೆಯುವಂತೆ ಇದ್ದರೆ" ಎಂಬುದಕ್ಕೆ ಒತ್ತು ಕೊಟ್ಟು ಹೇಳಬೇಕು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆಯಲ್ಲಿ ನಮ್ಮಂಥ ಬಿಸಿ ಮತ್ತು ತೇವದ ಪ್ರದೇಶಕ್ಕೆ ಮನೆಯ ಕಾರ್ಪೆಟ್ ಏರಿಯಾದ ಕನಿಷ್ಠ ಶೇಕಡಾ 16.66ರಷ್ಟು, ಅಂದರೆ ಆರನೇ ಒಂದು ಭಾಗದಷ್ಟು, ತೆರೆಯಬಲ್ಲ ಕಿಟಕಿ ಬಾಗಿಲು ಇರಬೇಕು ಎಂದಿದೆ. ಗಾಜಿನ ಅಳತೆಯನ್ನು ಅದು ಕೇಳುತ್ತಿಲ್ಲ, ಗಾಳಿ ಬರುವ ಬಾಯಿಯ ಅಳತೆಯನ್ನು ಕೇಳುತ್ತಿದೆ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ. ಮೂರರದ್ದಾದರೆ ಮೂರನೇ ಎರಡು ಭಾಗ. ಹೊರಕ್ಕೆ ತೆರೆಯುವ ಹಳೆ ಮಾದರಿಯ ಬಾಗಿಲಾದರೆ ಶೇಕಡಾ 90. 120 ಚದರ ಅಡಿ ಕೋಣೆಗೆ ಲೆಕ್ಕದ ಪ್ರಕಾರ 20 ಚದರ ಅಡಿ ತೆರೆದ ಬಾಯಿ ಬೇಕೆಂದರೆ ಸ್ಲೈಡಿಂಗ್‌ನಲ್ಲಿ 40 ಚದರ ಅಡಿ ಕಿಟಕಿ ಇಡಬೇಕು, ಹಳೆ ಬಗೆಯದರಲ್ಲಿ 22 ಸಾಕು. ಇಷ್ಟರ ಮೇಲೆ ಸೊಳ್ಳೆ ಜಾಲರಿ. ಅದಿಲ್ಲದೆ ತೋಟದ ಪಕ್ಕ ಸಂಜೆ ಆರರ ಮೇಲೆ ಕೂರಲಾಗದು. ಜಾಲರಿ ಗಾಳಿಯ ಒಂದು ಪಾಲು ತಿನ್ನುತ್ತದೆ, ಅದಕ್ಕೂ ಸೇರಿಸಿ ಕಿಟಕಿ ಹಿಗ್ಗಿಸಬೇಕು. ಹೀಗೆ ಹಿಗ್ಗಿದ ಕಿಟಕಿಗೆ ಮತ್ತೆ ಸೂರು ಬೇಕು. ಎಲ್ಲಾ ಲೆಕ್ಕವೂ ಕೊನೆಗೆ ಅಲ್ಲಿಗೇ ಬಂದು ಮುಟ್ಟುತ್ತದೆ.

ಹಂಚು, ಶೀಟು, ಮಂಗ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಇಡೀ ಕರಾವಳಿಯ ಮಾಡಿನ ಬಣ್ಣವೇ ಕೆಂಪಾಯಿತು. ಹಂಚಿನ ಸಂದಿಗಳಲ್ಲಿ ಗಾಳಿ ಆಡುತ್ತದೆ, ಬಿಸಿ ನಿಲ್ಲುವುದಿಲ್ಲ. ಒಡೆದರೆ ಒಂದನ್ನು ಬದಲಿಸಿದರೆ ಆಯಿತು. ಈಗ ಫ್ಯಾಶನ್ ಆಗಿರುವುದು ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಹಂಚು ಅಂಟಿಸುವುದು. ಹೊರಗಿನಿಂದ ಹಳೆ ಮನೆ, ಒಳಗೆ ಕಾದ ಕಾಂಕ್ರೀಟು. ಹಂಚಿನ ನಿಜವಾದ ಗುಣ ಗಾಳಿ, ಅದೇ ಇಲ್ಲ.

ಆದರೆ ಹಂಚಿನ ಮನೆ ಬೇಡ ಎನ್ನುವವರಿಗೆ ಕಾರಣಗಳೂ ಇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಂಗಗಳ ಹಿಂಡು ಬಂದು ಹೋದರೆ ಮಾಡು ಹತ್ತತ್ತು ಕಡೆ ಸೋರುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ತಿರುವಿ ಹಾಕಲು ಜನ ಸಿಗುವುದಿಲ್ಲ. ಹಂಚು ಹೊರುವ ಪಕಾಸು, ರೀಪಿಗೆ ಒಳ್ಳೆ ಮರದ ಬೆಲೆ ಕೇಳುವ ಹಾಗಿಲ್ಲ. ಹಾಗಾಗಿ ಜನ ತಮ್ಮದೇ ದಾರಿ ಹುಡುಕಿದರು: ಟೆರೇಸು, ಅದು ಸೋರಿದ ಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ಶೀಟು. ಭಟ್ಕಳದಿಂದ ಕಾರವಾರದವರೆಗೆ ಹೆದ್ದಾರಿಯಲ್ಲಿ ಹೋದರೆ ಇಂಥ ಮನೆಗಳೇ ಸಾಲು ಸಾಲು. ವಾಸ್ತುಶಿಲ್ಪಿಗಳು ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ. ನನಗೆ ಇದು ಜಿಲ್ಲೆಯ ಅತ್ಯಂತ ಪ್ರಾಮಾಣಿಕ ವಿನ್ಯಾಸ ಅನ್ನಿಸುತ್ತದೆ. ಶೀಟಿಗೂ ಸ್ಲ್ಯಾಬಿಗೂ ನಡುವೆ ಗಾಳಿ ಆಡುತ್ತದೆ, ಸ್ಲ್ಯಾಬು ಕಾಯುವುದಿಲ್ಲ. ಅಲ್ಲಿ ಬಟ್ಟೆ ಒಣಗುತ್ತದೆ, ಅಡಿಕೆ ಒಣಗುತ್ತದೆ, ಸಂಜೆ ಗಾಳಿಗೆ ಕೂರಬಹುದು. ಮನೆಯ ಮೇಲೇ ಒಂದು ಜಗಲಿ ಹುಟ್ಟಿತು, ಯಾರೂ ಅದನ್ನು ಹಾಗೆ ಕರೆಯದಿದ್ದರೂ. ಕೊರತೆ ಏನೆಂದರೆ ಇದು ಸೋರಿಕೆಗೆ ಹಾಕಿದ ತೇಪೆಯಾಗಿ ಬರುತ್ತದೆ. ಮೊದಲ ದಿನವೇ ನಕ್ಷೆಯಲ್ಲಿ ಬಂದರೆ ಅದೇ ಮಾಡನ್ನು ನಾಲ್ಕಡಿ ಹೊರಕ್ಕೆ ಚಾಚಬಹುದು, ಕೆಳಗಿನ ಕಿಟಕಿಗಳೂ ಉಳಿಯುತ್ತವೆ.

ಉಪ್ಪಿನ ಮಾತು ಬೇಗ ಮುಗಿಸುತ್ತೇನೆ. ಸಮುದ್ರದ ಹತ್ತಿರ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸಿಮೆಂಟು ಸಿಡಿಯುವುದನ್ನು ಎಲ್ಲರೂ ನೋಡಿದ್ದಾರೆ. ಕಾಂಕ್ರೀಟಿಗೆ ದೇಶದ ಮಾನದಂಡವಾದ ಐಎಸ್ 456 ಪ್ರಕಾರ ಕರಾವಳಿಯ ವಾತಾವರಣದಲ್ಲಿ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಮುಚ್ಚುಗೆ ಬೇಕು. ಸಮುದ್ರದ ತುಂತುರು ನೇರ ಬಡಿಯುವಲ್ಲಿ ಎಂ35 ಮತ್ತು 50 ಮಿಲಿಮೀಟರ್. ತೆಳ್ಳಗೆ, ಕಂಬ ಇಲ್ಲದೆ ಚಾಚಿದ ಸ್ಲ್ಯಾಬುಗಳ ಚಿತ್ರ ತಂದು ಕೊಡುವವರು ಈ ಎರಡು ಅಂಕಿಯನ್ನೂ ಜೊತೆಗೆ ಕೊಡಬೇಕು. ರೇಲಿಂಗಿಗೆ 304 ಬದಲು 316 ದರ್ಜೆಯ ಸ್ಟೀಲ್ ಕೇಳಿ. ಇಲ್ಲವೇ ಮರ ಬಳಸಿ.

ಧರೆ ಕಡಿದು ಕೊಳ್ಳುವ ನೋಟ

ಜಿಲ್ಲೆಯ ಸುಮಾರು ಶೇಕಡಾ 80 ಭಾಗ ಅರಣ್ಯ. ಒಂದು ಕಡೆ ಸಮುದ್ರ, ಒಂದು ಕಡೆ ಘಟ್ಟ. ಸಮತಟ್ಟಾದ ಖಾಸಗಿ ಜಾಗ ಕಡಿಮೆ. ಹಾಗಾಗಿ ನೋಟ ಬೇಕೆನ್ನುವವರು ಗುಡ್ಡದ ಇಳಿಜಾರಿಗೆ ಹೋಗುತ್ತಾರೆ. ಜೆಸಿಬಿ ತಂದು ಧರೆ (ಗುಡ್ಡದ ಪಕ್ಕದ ಮಣ್ಣು) ಕಡಿದು, ಮಣ್ಣನ್ನು ಮುಂದಕ್ಕೆ ತಳ್ಳಿ, ಸಪಾಟು ಮಾಡಿ ಕಟ್ಟುತ್ತಾರೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು ಇನ್ನೂ ನೆನಪಿದೆ. 2021ರಲ್ಲಿ ಯಲ್ಲಾಪುರದ ಕಳಚೆ, 2009ರಲ್ಲಿ ಕಾರವಾರದ ಕಡವಾಡ. ಇಲ್ಲಿನ ಎಷ್ಟೋ ಗುಡ್ಡಗಳ ಮೇಲೆ ಚಿರೆಕಲ್ಲಿನ ಪದರ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಚಿರೆಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯಲ್ಲಿ ತುಂಬುತ್ತದೆ, ಶೇಡಿ ಜಾರುತ್ತದೆ. ಬುಡ ಕಡಿದಿದ್ದರೆ ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ. ಹೆದ್ದಾರಿಗೆ ಕಡಿದದ್ದು ದೊಡ್ಡದು, ಮನೆಗೆ ಕಡಿಯುವುದು ಸಣ್ಣದು, ನಿಜ. ಮಳೆಗಾಲದ ಪತ್ರಿಕೆಗಳಲ್ಲಿ "ಮನೆ ಹಿಂದಿನ ಧರೆ ಕುಸಿತ" ಎಂಬ ಸಣ್ಣ ಸುದ್ದಿಗಳು ಬರುತ್ತವಲ್ಲ, ಅವೆಲ್ಲ ಈ ಸಣ್ಣ ಕಡಿತಗಳೇ. ಪ್ರಕೃತಿಗೆ ಹತ್ತಿರ ಎಂದು ಹೇಳಿಕೊಳ್ಳುವ ಮನೆ ಹದಿನೈದು ಅಡಿ ನೇರ ಧರೆ ಕಡಿದು ಶುರುವಾದರೆ ಆ ಮಾತಿಗೆ ಅರ್ಥ ಇಲ್ಲ. ಮನೆಯನ್ನೇ ಎರಡು ಮೂರು ಮಟ್ಟಗಳಾಗಿ ಒಡೆದು ಇಳಿಜಾರಿನ ಜೊತೆ ಇಳಿಸಬಹುದು, ಮುಂಭಾಗವನ್ನು ಕಂಬದ ಮೇಲೆ ನಿಲ್ಲಿಸಬಹುದು. ಮಾಡಿನ ನೀರು ಧರೆಯ ತಲೆಯ ಮೇಲೆ ಸುರಿಯದಂತೆ ಕಾಲುವೆ ಮಾಡಬೇಕು. ಖರ್ಚು ಜಾಸ್ತಿಯೇ.

ದಂಡೆಯ ಹತ್ತಿರ ಕಟ್ಟುವವರಿಗೆ ಬೇರೆ ಗೆರೆಗಳಿವೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಗಳು 1991ರಿಂದ ಇವೆ. 2019ರ ಅಧಿಸೂಚನೆಯಲ್ಲಿ ಗ್ರಾಮೀಣ ದಂಡೆಯನ್ನು ಎರಡು ಬಗೆ ಮಾಡಿದ್ದಾರೆ. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ಭರತದ (ಉಬ್ಬರದ) ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಉಪ್ಪುನೀರು ಏರುವ ದಡಗಳಿಗೂ ನಿಯಮ ಇದೆ. ನದಿ ದಂಡೆಯ ಮನೆಗೆ ಇದು ಅನ್ವಯಿಸುವುದಿಲ್ಲ ಎಂದುಕೊಂಡು ಸೈಟ್ ಕೊಂಡವರು ಆಮೇಲೆ ಕಚೇರಿ ಅಲೆಯುತ್ತಾರೆ.

ಇಷ್ಟೆಲ್ಲ ಮನೆಯ ಹೊರಗಿನ ಮಾತಾಯಿತು. ಅಂಗಳಕ್ಕೆ ಈಗ ಏನಾಗುತ್ತಿದೆ ಎನ್ನುವುದನ್ನೂ ನೋಡಬೇಕು. ಶಿರಸಿ ಕಡೆಯ ಅಂಗಳ ವರ್ಷಪೂರ್ತಿ ಒಂದೇ ಥರ ಇರುತ್ತಿರಲಿಲ್ಲ. ಬೇಸಿಗೆಗೆ ಚಪ್ಪರ, ಅದರ ಮೇಲೆ ಅಡಿಕೆ, ಕೆಳಗೆ ನೆರಳು. ಮಳೆಗೆ ಮುಂಚೆ ಬಿಚ್ಚಿದರೆ ಬೆಳಕು. ಮನೆ ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿತ್ತು. ಈಗ ಅದಕ್ಕೆ ಇಂಟರ್‌ಲಾಕ್ ಕಲ್ಲು ಹಾಸುತ್ತಾರೆ. ಏಪ್ರಿಲ್‌ನಲ್ಲಿ ಕಾಲಿಡಲಾಗದು, ಆಗಸ್ಟ್‌ನಲ್ಲಿ ಪಾಚಿ ಹಿಡಿದು ಜಾರುತ್ತದೆ, ನೀರು ಬಾವಿಗೆ ಇಂಗದೆ ರಸ್ತೆಗೆ ಹರಿಯುತ್ತದೆ. ಹುಲ್ಲುಹಾಸು ಹಾಕಿದವರು ಫೆಬ್ರವರಿಯಿಂದ ಮೇವರೆಗೆ ಬಾವಿ ನೀರನ್ನು ಅದಕ್ಕೇ ಎರೆಯುತ್ತಾರೆ, ಮಳೆ ಬಂದ ಮೇಲೆ ಅಲ್ಲಿ ಉಂಬಳ ಎಣಿಸುತ್ತಾರೆ. ನಡೆಯುವ ದಾರಿಗಷ್ಟೇ ಚಿರೆಕಲ್ಲು ಹಾಸಿ ಉಳಿದದ್ದನ್ನು ಮಣ್ಣಾಗಿ ಬಿಟ್ಟರೆ ಸಾಕು.

ಮೂವತ್ತು ನಲವತ್ತರ ಸೈಟು

ಮೇಲಿನ ಮಾತೆಲ್ಲ ಹತ್ತು ಗುಂಟೆ ಇದ್ದವರಿಗಾಯಿತು, ನಮ್ಮ 30x40 ಸೈಟಿಗೆ ಏನು ಎಂದು ಶಿರಸಿಯ, ಕಾರವಾರದ ಹೊಸ ಬಡಾವಣೆಯವರು ಕೇಳುತ್ತಾರೆ. ಅವರದೇ ಗಟ್ಟಿ ಸಮಸ್ಯೆ. ಪಕ್ಕಕ್ಕೆ ಮೂರಡಿ ಬಿಟ್ಟ ಜಾಗದಲ್ಲಿ ನಾಲ್ಕಡಿ ಸೂರು ಚಾಚಲು ಆಗುವುದಿಲ್ಲ. ಸೆಟ್‌ಬ್ಯಾಕ್‌ನಲ್ಲಿ ಎಷ್ಟು ಚಾಚಬಹುದು ಎಂಬುದಕ್ಕೆ ನಿಯಮ ಇದೆ. ಸೂರಿನ ನೀರು ಪಕ್ಕದವರ ಕಾಂಪೌಂಡಿಗೆ ಬಿದ್ದರೆ ಜಗಳ ಗ್ಯಾರಂಟಿ. "ಭಟ್ರೇ, ಚೆಂದ ಕಾಣ್ತದೆ ನೋಡಿ, ಆದರೆ ಮಳೆಗಾಲಕ್ಕೆ ಪಕ್ಕದ ಮನೆಯವರು ನನ್ನ ಬೈತಾರೆ" ಎನ್ನುವ ಗೌಂಡಿಗಳ ಮಾತಿನಲ್ಲಿ ಅನುಭವ ಇದೆ.

ಇಂಥ ಸೈಟಿನಲ್ಲಿ ನಾಲ್ಕೂ ಕಡೆ ಕಿಟಕಿ ಎಂಬ ಆಸೆ ಬಿಡುವುದು ಮೊದಲ ಹೆಜ್ಜೆ. ರಸ್ತೆ ಕಡೆಗೊಂದು ಆರಡಿ ಜಗಲಿ, ಹಿಂದೆ ಹಿತ್ತಿಲಿಗೆ ತೆರೆದ ಅಡುಗೆಮನೆ, ಇವೆರಡರ ನಡುವೆ ಗಾಳಿ ನೇರ ಹಾಯಲಿ. ಎರಡು ಪಕ್ಕದ ಗೋಡೆಗಳಲ್ಲಿ ಎತ್ತರದ ಸಣ್ಣ ಕಿಟಕಿ ಸಾಕು. ಮಧ್ಯದ ಕತ್ತಲೆಗೆ ಮೆಟ್ಟಿಲ ಭಾಗದ ಮಾಡನ್ನು ಎರಡಡಿ ಎತ್ತಿ ಉತ್ತರದ ಬೆಳಕು ತನ್ನಿ. ತೆರೆದ ಒಳ ಅಂಗಳ ಇಷ್ಟು ಸಣ್ಣ ಸೈಟಿಗೆ ಬೇಡ.

ಕಾನೂನಿನ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಪಕ್ಕದ ಸೈಟು ಖಾಲಿ ಇದ್ದಾಗ ಆ ಕಡೆಗೆ ದೊಡ್ಡ ಕಿಟಕಿ ಇಟ್ಟು ಖುಷಿ ಪಡುತ್ತೇವೆ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ ಒಂದು ಕಟ್ಟಡಕ್ಕೆ ಬೆಳಕು, ಗಾಳಿ 20 ವರ್ಷ ತಡೆಯಿಲ್ಲದೆ, ತಕರಾರಿಲ್ಲದೆ, ಹಕ್ಕಿನಂತೆ ಬಂದಿದ್ದರೆ ಮಾತ್ರ ಅದು ಹಕ್ಕಾಗುತ್ತದೆ. ಹೊಸ ಬಡಾವಣೆಯಲ್ಲಿ ಯಾರಿಗೂ ಅಷ್ಟು ವರ್ಷ ಆಗಿಲ್ಲ. ಪಕ್ಕದವರು ನಿಯಮದಂತೆ ಜಾಗ ಬಿಟ್ಟು ಎರಡು ಮಹಡಿ ಏರಿಸಿದರೆ ನಿಮ್ಮ ಕಿಟಕಿಗೆ ಕಾಣುವುದು ಅವರ ಬಚ್ಚಲುಮನೆಯ ಪೈಪು. ಹಾಗಾಗಿ ನಕ್ಷೆ ಮಾಡುವಾಗ ಎರಡೂ ಪಕ್ಕದ ಸೈಟುಗಳಲ್ಲಿ ಮನೆ ಬಂದಾಗಿದೆ ಎಂದೇ ಚಿತ್ರ ಬಿಡಿಸಿಕೊಳ್ಳಿ. ಆಗ ಉಳಿಯುವ ಬೆಳಕು ಮುಂದಿನ ರಸ್ತೆಯದು, ಹಿಂದಿನ ಹಿತ್ತಿಲಿನದು, ಮೇಲಿನ ಆಕಾಶದ್ದು. ಎಷ್ಟು ಕಿಟಕಿ, ಎಲ್ಲಿ, ಯಾವ ಎತ್ತರಕ್ಕೆ ಎಂಬುದನ್ನು ಎಂಜಿನಿಯರ್ ಜೊತೆ ಕೂತು ಆ ಚಿತ್ರದ ಮೇಲೆ ಗುರುತು ಮಾಡಿ.